ಹೆತ್ತವರಿಗೆ ಹೆಗ್ಗಣ ಮುದ್ದೆ?

ಕಳೆದ ಶ್ರಾವಣದ ಒಂದು ಮಧ್ಯಾಹ್ನ, ಕೊನೆಯ ಪಾಠ ಮುಗಿಸಿ, ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತು, "ಒಳಗೆ ಬರಬಹುದೆ, ಸಾರ್?" ಎಂದಳು. ಕೈಯಲ್ಲಿ ಇನ್ನೂರು ಪುಟದ ಒಂದು ನೋಟುಪುಸ್ತಕ. ಕನ್ನಡ ಪಾಠಕ್ಕೆಂದು ವಾರಕ್ಕೆ ನಾಲ್ಕು ಗಂಟೆ ನನ್ನೆದುರು ಕುಳಿತುಕೊಳ್ಳುವ ಹುಡುಗಿ, ಮಾತು ಕಡಮೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, "ಏಳು ಕಥೆ ಬರೆದಿದ್ದೇನೆ, ಸಾರ್. ಆದರೆ ಪಾತ್ರಗಳು ನನ್ನವಲ್ಲ" ಎಂದು, ತಪ್ಪೊಪ್ಪಿಕೊಳ್ಳುವವಳಂತೆ ತಲೆ ತಗ್ಗಿಸಿದಳು.

ಪಾತ್ರಗಳು ಷರ್ಲಾಕ್ ಹೋಮ್ಸ್ ಮತ್ತು ಡಾಕ್ಟರ್ ವಾಟ್ಸನ್. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ತಂದೆಯವರು ಬಾಲ್ಯದಲ್ಲಿ ಹೇಗೆ ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದರೋ, ಹಾಗೆ ಈ ಹುಡುಗಿ ಹೋಮ್ಸನನ್ನು ಓದಿದ್ದಳು. ಓದಿ ತೃಪ್ತಿಯಾಗದೆ, ಮುಂದಿನ ಕಥೆಗಳನ್ನು ತಾನೇ ಬರೆಯತೊಡಗಿದ್ದಳು. ಮತ್ತೊಬ್ಬರು ಸೃಷ್ಟಿಸಿದ ಪಾತ್ರಗಳನ್ನು ಅಕ್ಕರೆಯಿಂದ ಎತ್ತಿಕೊಂಡು ಅಭಿಮಾನಿಗಳೇ ಕಥೆ ಹೆಣೆಯುವ ಈ ಹವ್ಯಾಸಕ್ಕೆ 'ಫ್ಯಾನ್ ಫಿಕ್ಷನ್' ಎಂದು ಹೆಸರು. ನಾವು ಅಭಿಮಾನಿ ಕಥನ ಎನ್ನೋಣ. ಕನ್ನಡದ ಅಧ್ಯಾಪಕನಾದ ನನಗೆ ಇದರಲ್ಲಿ ಮೂಗು ಮುರಿಯುವಂಥದೇನೂ ಕಾಣಲಿಲ್ಲ. ವ್ಯಾಸರ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡು ಕಾವ್ಯ ಕಟ್ಟಿದ ಪಂಪನನ್ನು ನಾವು ಆದಿಕವಿ ಎಂದು ಪೂಜಿಸುವುದಿಲ್ಲವೆ? ಆದಿಪುರಾಣವನ್ನು ಮೂರು ತಿಂಗಳಲ್ಲಿ, ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಲೆಕ್ಕ ಕೊಟ್ಟ ಆ ಮಹಾಕವಿ, ಎರಡರಲ್ಲಿ ತನಗೆ ಯಾವುದು ಹೆಚ್ಚು ಪ್ರಿಯವೆಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಒಂದು ಲೌಕಿಕ, ಇನ್ನೊಂದು ಧಾರ್ಮಿಕ ಎಂದು ಎರಡಕ್ಕೂ ಬೇರೆಬೇರೆ ಪೀಠ ಹಾಕಿಕೊಟ್ಟು ಜಾರಿಕೊಂಡ. ಜಾಣ!

ನನ್ನ ವಿದ್ಯಾರ್ಥಿನಿಗೆ ಆ ಜಾಣತನ ಇರಲಿಲ್ಲ. ಒಂದು ವಾರದಲ್ಲಿ ಏಳು ಕಥೆಗಳನ್ನೂ ಓದಿ, ಆಕೆಯನ್ನು ಕರೆಸಿ, "ಇವುಗಳಲ್ಲಿ ನಿನಗೆ ಯಾವುದಮ್ಮಾ ಅಚ್ಚುಮೆಚ್ಚು?" ಎಂದು ಕೇಳಿದೆ. ನನ್ನ ಮಟ್ಟಿಗೆ ಮೂರನೆಯ ಕಥೆ ಎಲ್ಲಕ್ಕಿಂತ ಮೇಲಾಗಿತ್ತು. ಮೂಲ ಕಥೆಗಳಲ್ಲಿ ಕರ್ನಲ್ ಸೆಬಾಸ್ಟಿಯನ್ ಮೊರಾನ್ ಎಂಬ ಖಳನೊಬ್ಬ ಬರುತ್ತಾನೆ. ಹಿಂದೆ 'ಬೆಂಗಳೂರು ಪಯೊನಿಯರ್ಸ್' ಎಂಬ ಪಲ್ಟನಿನಲ್ಲಿದ್ದವನೆಂದು ಅವನ ಪೂರ್ವೋತ್ತರ. ಈ ಒಂದೇ ಸಾಲಿನ ಎಳೆ ಹಿಡಿದು, ಹೋಮ್ಸನು ಟಿಬೆಟ್ಟಿನಿಂದ ಮರಳುವ ದಾರಿಯಲ್ಲಿ ಬೆಂಗಳೂರಿನ ದಂಡಿಗೆ ಬಂದು ಮೊರಾನನ ಹಳೆಯ ಕಡತವನ್ನು ಹುಡುಕುವ ಕಥೆಯನ್ನು ಆಕೆ ಸೊಗಸಾಗಿ ಹೆಣೆದಿದ್ದಳು. ಗೆಳತಿಯರೆಲ್ಲ ಮೆಚ್ಚಿದ್ದೂ ಅದನ್ನೇ. ಆದರೆ ಆಕೆ ತೋರಿಸಿದ್ದು ಆರನೆಯದನ್ನು. ಹೋಮ್ಸ್ ಸತ್ತನೆಂದು ಲೋಕವೆಲ್ಲ ನಂಬಿದ್ದ ದಿನಗಳಲ್ಲಿ ವಾಟ್ಸನ್ ಒಬ್ಬನೇ ಬೇಕರ್ ಬೀದಿಯ ಮನೆಗೆ ಬಂದು, ಗೆಳೆಯನ ಪಿಟೀಲಿನ ಎದುರು ಒಂದು ಸಂಜೆ ಸುಮ್ಮನೆ ಕುಳಿತು ಎದ್ದು ಹೋಗುತ್ತಾನೆ. ಅಷ್ಟೆ. ಕೊಲೆಯಿಲ್ಲ, ಕಳವಿಲ್ಲ, ಪತ್ತೆಯಿಲ್ಲ.

"ಇದನ್ನು ಯಾರೂ ಪೂರ್ತಿ ಓದಲಿಲ್ಲ, ಸಾರ್" ಎಂದಳು. "ಆದರೆ ನನಗೆ ಇದೇ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಬೇರೊಂದು ಸಂಗತಿ ನೆನಪಾಯಿತು. ಇದೇ ಪ್ರಶ್ನೆಯನ್ನು ಹೋಮ್ಸನ ಜನಕರಾದ ಸರ್ ಆರ್ಥರ್ ಕಾನನ್ ಡಾಯ್ಲರಿಗೂ ಒಮ್ಮೆ ಹಾಕಿದ್ದುಂಟು. ಅದರ ವೃತ್ತಾಂತ ಸ್ವಾರಸ್ಯವಾದುದು.

ನೂರು ಪೌಂಡಿನ ಪ್ರಶ್ನೆ

1927ರ ಮಾರ್ಚ್ ತಿಂಗಳು. ಲಂಡನ್ನಿನ 'ಸ್ಟ್ರಾಂಡ್' ಮಾಸಪತ್ರಿಕೆ ತನ್ನ ಓದುಗರಿಗೆ ಒಂದು ಸ್ಪರ್ಧೆಯನ್ನು ಸಾರಿತು. ಹೋಮ್ಸನ ಸಣ್ಣ ಕಥೆಗಳಲ್ಲಿ ಅತ್ಯುತ್ತಮವೆಂದು ತಮಗೆ ತೋರಿದ ಹನ್ನೆರಡನ್ನು ಡಾಯ್ಲರು ಆರಿಸಿ ಆ ಪಟ್ಟಿಯನ್ನು ಸಂಪಾದಕರ ವಶಕ್ಕೆ ಒಪ್ಪಿಸಿದ್ದಾರೆ. ಓದುಗರು ತಮ್ಮ ತಮ್ಮ ಪಟ್ಟಿಯನ್ನು ಬರೆದು ಕಳುಹಿಸಬೇಕು. ಯಾರದು ಕರ್ತೃವಿನ ಪಟ್ಟಿಗೆ ಅತ್ಯಂತ ಸಮೀಪವೋ ಅವರಿಗೆ ನೂರು ಪೌಂಡ್ ಬಹುಮಾನ, ಜೊತೆಗೆ ಹಸ್ತಾಕ್ಷರ ಹಾಕಿದ ಡಾಯ್ಲರ ಆತ್ಮಕಥೆ. ಕೊನೆಯ ಸಂಕಲನದ ಹನ್ನೆರಡು ಕಥೆಗಳು ಆಗಿನ್ನೂ ಪುಸ್ತಕವಾಗಿ ಹೊರಬಂದಿರಲಿಲ್ಲವಾದ್ದರಿಂದ ಅವನ್ನು ಬಿಟ್ಟು, ಉಳಿದ 44ರಲ್ಲಿ ಆರಿಸಬೇಕಾಗಿತ್ತು.

ಪತ್ರಿಕೆಗೆ ಇದು ಪ್ರಚಾರದ ಉಪಾಯ; ಸಂದೇಹವಿಲ್ಲ. ಆದರೆ ಆ ಪ್ರಶ್ನೆಯನ್ನು ಎದುರಿಸಬೇಕಾದವರ ಸ್ಥಿತಿಯನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಡಾಯ್ಲರಿಗೆ ಆಗ ಅರವತ್ತೇಳು ವರ್ಷ. ಹೋಮ್ಸನ ಕಟ್ಟಕಡೆಯ ಕಥೆ ಆ ವಸಂತದಲ್ಲೇ ಅಚ್ಚಾಗುತ್ತಿತ್ತು. ಮಹಾಯುದ್ಧದ ಕೊನೆಯ ದಿನಗಳಲ್ಲಿ, 1918ರ ಅಕ್ಟೋಬರಿನಲ್ಲಿ ಹಿರಿಯ ಮಗ ತೀರಿಕೊಂಡಿದ್ದ. ಮರುವರ್ಷದ ಫೆಬ್ರವರಿಯಲ್ಲಿ ತಮ್ಮ. ಸತ್ತವರೊಡನೆ ಮಾತನಾಡಬಹುದೆಂಬ ಪ್ರೇತವಾದವನ್ನು ಅದಕ್ಕೂ ಮೊದಲೇ ಬಹಿರಂಗವಾಗಿ ಒಪ್ಪಿಕೊಂಡಿದ್ದ ಡಾಯ್ಲರು ಅದರ ಪ್ರಚಾರಕ್ಕಾಗಿ ದೇಶದೇಶಗಳನ್ನು ಸುತ್ತಿ, ತನು ಮನ ಧನಗಳನ್ನು ಸವೆಸುತ್ತಿದ್ದರು. 1926ರಲ್ಲಿ ಅದರ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದು ಮುಗಿಸಿದ್ದರು. ಅವರ ಮಟ್ಟಿಗೆ ಬಾಳಿನ ಪರಮ ಕಾರ್ಯ ಅದು. ಲೋಕ ಮಾತ್ರ ಕೇಳುತ್ತಿದ್ದುದು ಬೇಕರ್ ಬೀದಿಯ ಪತ್ತೇದಾರನ ಸುದ್ದಿಯನ್ನು!

ಹೋಮ್ಸನ ಮೇಲೆ ಅವರಿಗಿದ್ದ ಮುನಿಸು ಹಳೆಯದು. ಸೌತ್‌ಸೀ ಎಂಬ ಊರಿನಲ್ಲಿ ರೋಗಿಗಳಿಗಾಗಿ ಕಾದು ಕುಳಿತಿದ್ದ ತರುಣ ವೈದ್ಯ, 1887ರಲ್ಲಿ ಅಚ್ಚಾದ ಮೊದಲ ಹೋಮ್ಸ್ ಕಾದಂಬರಿಯ ಸರ್ವ ಹಕ್ಕುಗಳನ್ನೂ ಇಪ್ಪತ್ತೈದು ಪೌಂಡಿಗೆ ಮಾರಿದ್ದರು. 1891ರ ಜುಲೈಯಿಂದ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಸಣ್ಣ ಕಥೆಗಳು ತೊಡಗಿದವು. ಸಿಡ್ನಿ ಪ್ಯಾಜೆಟ್ ಅವರ ಚಿತ್ರಗಳೊಡನೆ ಮನೆಮಾತಾದವು. ಆರು ತಿಂಗಳು ಕಳೆಯುವಷ್ಟರಲ್ಲೇ ಕರ್ತೃವಿಗೆ ಬೇಸರ. ಆ ನವೆಂಬರಿನಲ್ಲಿ ತಾಯಿಗೆ ಬರೆದ ಕಾಗದದಲ್ಲಿ, ಹೋಮ್ಸನನ್ನು ಕೊಂದು ಮುಗಿಸಿಬಿಡುವ ಯೋಚನೆಯಿದೆ, ಅವನಿಂದಾಗಿ ಉತ್ತಮ ಕೆಲಸಗಳತ್ತ ಮನಸ್ಸು ಹೋಗುತ್ತಿಲ್ಲ ಎಂದು ತೋಡಿಕೊಂಡರು. ತಾಯಿ ಸುತರಾಂ ಒಪ್ಪಲಿಲ್ಲ. ಅಷ್ಟೇ ಅಲ್ಲ, ಸುಂದರವಾದ ಕೂದಲನ್ನು ಕತ್ತರಿಸಿಕೊಳ್ಳಬೇಕಾಗಿ ಬಂದ ಹುಡುಗಿಯೊಬ್ಬಳ ಕಥೆಯ ಎಳೆಯನ್ನೂ ಮಗನಿಗೆ ಒದಗಿಸಿದರು! ಅದರಿಂದ 1892ರಲ್ಲಿ 'ಕಾಪರ್ ಬೀಚಸ್' ಕಥೆ ಹುಟ್ಟಿತು. ಹೋಮ್ಸನ ಆಯುಸ್ಸೂ ಬೆಳೆಯಿತು. ಅಭಿಮಾನಿ ಕಥನದ ಮೂಲ ಹುಡುಕುವವರು ಈ ತಾಯಿಯನ್ನು ಮರೆಯಬಾರದು.

ಆಯುಸ್ಸು ಬೆಳೆದದ್ದು ಎರಡೇ ವರ್ಷ. 1893ರ ಡಿಸೆಂಬರಿನ ಸಂಚಿಕೆಯಲ್ಲಿ, ಸ್ವಿಟ್ಸರ್‌ಲೆಂಡಿನ ರೈಖೆನ್‌ಬಾಕ್ ಜಲಪಾತದ ಕಮರಿಗೆ ಹೋಮ್ಸನನ್ನೂ ಅವನ ವೈರಿ ಮೊರಿಯಾರ್ಟಿಯನ್ನೂ ಡಾಯ್ಲರು ಒಟ್ಟಿಗೆ ನೂಕಿಬಿಟ್ಟರು. ಓದುಗರು ಗೋಳಾಡಿದರು, ಬೈದು ಪತ್ರ ಬರೆದರು, ಚಂದಾ ನಿಲ್ಲಿಸಿದರು. ಹತ್ತು ವರ್ಷ ಕಲ್ಲಾಗಿದ್ದ ಕರ್ತೃ 1903ರಲ್ಲಿ ಸೋತು, ಸತ್ತವನನ್ನು ಬದುಕಿಸಿದರು.

ಇಂಥ ತಂದೆಗೆ, ಮೂವತ್ತಾರು ವರ್ಷಗಳ ಬಳಿಕ, ನಿಮ್ಮ ಮಕ್ಕಳಲ್ಲಿ ಯಾರು ಚೆನ್ನ ಎಂದು ಕೇಳಿದರೆ ಏನು ಹೇಳಬೇಕು? ಸುಲಭದ ಕೆಲಸವೆಂದು ಡಾಯ್ಲರು ಮೊದಲು ಹಗುರವಾಗಿಯೇ ಒಪ್ಪಿಕೊಂಡರಂತೆ. ಆದರೆ ಹಳೆಯ ಕಥೆಗಳ ವಿವರ ಮರೆತುಹೋಗಿತ್ತು. ಎಲ್ಲವನ್ನೂ ಮತ್ತೆ ಕುಳಿತು ಓದಬೇಕಾಯಿತು. ಅದು ದಣಿಸುವ ದಾರಿಯೇ ಆಯಿತೆಂದು ಮುಂದೆ ತಾವೇ ಬರೆದರು.

ಹಾವು, ಸೈಕಲ್ಲು, ಕುದುರೆ

ಜೂನ್ ಸಂಚಿಕೆಯಲ್ಲಿ ಪಟ್ಟಿಯೂ ಆಯ್ಕೆಯ ಕಾರಣಗಳೂ ಹೊರಬಿದ್ದವು. (ಕಥೆಗಳ ಹೆಸರುಗಳನ್ನು ಓದುಗರ ಅನುಕೂಲಕ್ಕಾಗಿ ಆದಷ್ಟೂ ಕನ್ನಡದಲ್ಲಿ ಕೊಡುತ್ತೇನೆ.) ಮೊದಲ ಸ್ಥಾನ ಪಡೆದದ್ದು 'ಚುಕ್ಕೆಯ ಪಟ್ಟಿ', ಎಂದರೆ 'ದಿ ಸ್ಪೆಕಲ್ಡ್ ಬ್ಯಾಂಡ್'. ಆ ಘೋರವಾದ ಹಾವಿನ ಕಥೆ ಎಲ್ಲರ ಪಟ್ಟಿಯಲ್ಲೂ ಇದ್ದೇ ಇರುತ್ತದೆಂದು ಡಾಯ್ಲರಿಗೆ ಖಾತರಿ. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದು ಊರಿಗೆ ಮರಳಿದ ಕ್ರೂರಿಯೊಬ್ಬ, ಮಲಮಗಳ ಕೋಣೆಗೆ ಗಾಳಿಕಿಂಡಿಯ ಮೂಲಕ ಭಾರತದ ವಿಷಸರ್ಪವೊಂದನ್ನು ಬಿಡುತ್ತಾನೆ. ಅದು ಕರೆಗಂಟೆಯ ಹಗ್ಗದ ಮೇಲೆ ಹರಿದು ಹಾಸಿಗೆಗೆ ಇಳಿಯುತ್ತದೆ. ಅವನು ಸಿಳ್ಳು ಹಾಕಿದರೆ ಹಿಂದಿರುಗಿ ಬಂದು ತಟ್ಟೆಯ ಹಾಲು ಕುಡಿಯುತ್ತದೆ! ಕಥೆಯಲ್ಲಿ ಹೇಳಿರುವ ಹೆಸರಿನ ಹಾವು ನಮ್ಮ ದೇಶದಲ್ಲೆಲ್ಲೂ ಇಲ್ಲ. ಹಾಲು ಹಾವಿನ ಆಹಾರವಲ್ಲ. ಹೊರಗಿವಿಯೇ ಇಲ್ಲದ ಪ್ರಾಣಿಯನ್ನು ಸಿಳ್ಳಿಗೆ ಪಳಗಿಸುವುದೂ ನಂಬತಕ್ಕ ಮಾತಲ್ಲ. ಆದರೂ ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಾವು ಡಾಯ್ಲರನ್ನು ಗೇಲಿ ಮಾಡುವ ಮೊದಲು ಸ್ವಲ್ಪ ಯೋಚಿಸುವುದು ಮೇಲು. ರಾತ್ರಿ ದೀಪವಾರಿಸಿ ಹೋಮ್ಸನೂ ವಾಟ್ಸನನೂ ಆ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕಾಯುವ ಭಾಗವನ್ನು ಓದುವಾಗ ಪ್ರಾಣಿಶಾಸ್ತ್ರ ಯಾರಿಗೆ ನೆನಪಾಗುತ್ತದೆ?

ಈ ಕಥೆಯ ಮೇಲೆ ಡಾಯ್ಲರಿಗಿದ್ದ ಮಮತೆಗೆ ಇನ್ನೊಂದು ನಂಟೂ ಉಂಟು. 1910ರಲ್ಲಿ ಅವರು ಅದನ್ನು ನಾಟಕ ಮಾಡಿ ಲಂಡನ್ನಿನ ರಂಗಕ್ಕೆ ತಂದರು. ಹಾವಿನ ಪಾತ್ರಕ್ಕೆ ಜೀವಂತ ಹೆಬ್ಬಾವೊಂದನ್ನೇ ಗೊತ್ತುಮಾಡಿ, ಅದರ ವಿಷಯದಲ್ಲಿ ಬಹಳ ಹೆಮ್ಮೆಪಡುತ್ತಿದ್ದರು. ವಿಮರ್ಶಕ ಮಹಾಶಯನೊಬ್ಬ, ನಾಟಕದ ಪರಾಕಾಷ್ಠೆಯಲ್ಲಿ ನೋಡಿದೊಡನೆಯೇ ಕೃತಕವೆಂದು ತಿಳಿಯುವ ಹಾವೊಂದು ಬಂತೆಂದು ಬರೆದ. ಆತ ಆ ಹಾವಿನ ಜೊತೆ ಒಂದು ರಾತ್ರಿ ಮಲಗುವುದಾದರೆ ಒಳ್ಳೆಯ ಮೊತ್ತವನ್ನೇ ಕೊಡುವೆನೆಂದು ಡಾಯ್ಲರಿಗೆ ಅನ್ನಿಸಿತಂತೆ!

ಎರಡನೆಯದು 'ಕೆಂಗೂದಲಿನವರ ಸಂಘ'. ಮೂರನೆಯದು 'ಕುಣಿಯುವ ಬೊಂಬೆಗಳು'. ಎರಡಕ್ಕೂ ಕಾರಣ ಒಂದೇ: ಕಥಾವಸ್ತುವಿನ ಹೊಸತನ. ನಾಲ್ಕನೆಯದು ಹೋಮ್ಸ್ ಸತ್ತ ಕಥೆ. ಅವನಿಗೆ ಸರಿಜೋಡಿಯಾದ ಶತ್ರು ಬಂದುದು ಅದೊಂದರಲ್ಲೇ ಎಂದು ಸಮರ್ಥನೆ. ಐದನೆಯದು 'ಬೊಹೀಮಿಯದ ಅಪವಾದ', ಸಣ್ಣ ಕಥೆಗಳಲ್ಲಿ ಮೊದಲನೆಯದು. ಅದು ಉಳಿದವಕ್ಕೆ ದಾರಿ ಮಾಡಿಕೊಟ್ಟಿತು. ಮೇಲಾಗಿ ಹೆಣ್ಣಿನ ಪಾತ್ರಕ್ಕೆ ಅದರಲ್ಲಿ ಹೆಚ್ಚಿನ ಸ್ಥಾನವಿದೆ. ಆರನೆಯದಾದ 'ಬರಿದಾದ ಮನೆ'ಯನ್ನು ಆರಿಸಲು ಕೊಟ್ಟ ಕಾರಣವನ್ನು ಗಮನಿಸಬೇಕು. ಸತ್ತನೆಂದು ತಾವೇ ಸಾರಿದವನನ್ನು ಬದುಕಿಸಿ, ಅದಕ್ಕೊಂದು ನಂಬತಕ್ಕ ವಿವರಣೆ ಕೊಡುವ ಕಷ್ಟದ ಕೆಲಸ ಆ ಕಥೆಯ ಪಾಲಿಗೆ ಬಂತು. ನಮ್ಮ ಬೆಂಗಳೂರಿನ ಪಲ್ಟನಿನ ಮೊರಾನ್ ಪ್ರವೇಶಿಸುವುದೂ ಅಲ್ಲಿಯೇ. ಓದುಗನಿಗೆ ಆ ಕಥೆ ಒಂದು ಸಂತೋಷ, ಅಷ್ಟೆ. ಬರೆದವನಿಗೆ ಅದು ಇಕ್ಕಟ್ಟಿನಿಂದ ಪಾರಾದ ನೆನಪು.

ಮುಂದಿನ ಹೆಸರುಗಳನ್ನು ಬೇಗ ಹೇಳಿಬಿಡುತ್ತೇನೆ: 'ಐದು ಕಿತ್ತಳೆ ಬೀಜಗಳು', 'ಎರಡನೆಯ ಕಲೆ', 'ಸೈತಾನನ ಪಾದ'. ಹತ್ತನೆಯದಾದ 'ಪ್ರಯರಿ ಶಾಲೆ'ಯ ಬಳಿ ಮತ್ತೆ ಸ್ವಲ್ಪ ನಿಲ್ಲಬೇಕು. ಹೋಮ್ಸನು ಡ್ಯೂಕ್ ಮಹಾಶಯರತ್ತಲೇ ಬೆರಳು ಚಾಚುವ ಆ ಒಂದು ಕ್ಷಣಕ್ಕಾಗಿಯಾದರೂ ಅದಕ್ಕೆ ಸ್ಥಾನ ಸಲ್ಲಬೇಕೆಂಬುದು ಡಾಯ್ಲರ ತೀರ್ಪು. ಆದರೆ ಆ ಕಥೆಯಲ್ಲಿ ಅವರಿಗೊಂದು ಹಳೆಯ ಗಾಯವಿತ್ತು. ಒದ್ದೆ ನೆಲದ ಮೇಲಿನ ಸೈಕಲ್ ಗಾಲಿಯ ಗುರುತು ನೋಡಿ, ಸೈಕಲ್ಲು ಯಾವ ದಿಕ್ಕಿಗೆ ಹೋಯಿತೆಂದು ಹೋಮ್ಸ್ ಅದರಲ್ಲಿ ಹೇಳಿಬಿಡುತ್ತಾನೆ. ಅದು ಹೇಗೆ ಸಾಧ್ಯವೆಂದು ಓದುಗರು ಆಕ್ಷೇಪಿಸಿ ಬರೆದರು. ಡಾಯ್ಲರು ತಮ್ಮ ಸೈಕಲ್ಲನ್ನೇ ಹೊರಕ್ಕೆ ತೆಗೆದು ಓಡಿಸಿ ನೋಡಿದರು. ಹಿಂದಿನ ಗಾಲಿಯ ಗುರುತು ಮುಂದಿನದರ ಮೇಲೆ ಬಿದ್ದಿತೇ ಹೊರತು, ಹೋದ ದಿಕ್ಕು ತಿಳಿಯಲಿಲ್ಲ. ಓದುಗರು ಹೇಳಿದ್ದೇ ನಿಜ! ಆದರೆ ಏರುಪೇರಾದ ನೆಲದಲ್ಲಿ, ದಿಬ್ಬ ಹತ್ತುವಾಗ ಗಾಲಿ ಆಳವಾಗಿಯೂ ಇಳಿಯುವಾಗ ತೇಲಿಯೂ ಊರುವುದರಿಂದ ದಿಕ್ಕನ್ನು ಊಹಿಸಬಹುದೆಂದು ಕಂಡುಕೊಂಡು ಸಮಾಧಾನ ತಂದುಕೊಂಡರು. ಮುನಿಸಿಕೊಂಡ ತಂದೆ ಮಗನ ಮಾತನ್ನು ಉಳಿಸಲು ಸೈಕಲ್ ಹತ್ತಿದ ಈ ದೃಶ್ಯ ನನಗೆ ಬಲು ಇಷ್ಟ.

ಹನ್ನೊಂದನೆಯ ಮತ್ತು ಹನ್ನೆರಡನೆಯ ಸ್ಥಾನಗಳಿಗೆ ಪೈಪೋಟಿ ಬಿಗಿಯಾಯಿತು. 'ಬೆಳ್ಳಿಚುಕ್ಕಿ' ಎಂಬ ಜೂಜಿನ ಕುದುರೆಯ ಕಥೆ—'ಸಿಲ್ವರ್ ಬ್ಲೇಜ್'—ರಾತ್ರಿ ನಾಯಿ ಬೊಗಳದಿದ್ದುದರಿಂದಲೇ ಕಳ್ಳನನ್ನು ಗುರುತಿಸುವ ಚಮತ್ಕಾರಕ್ಕಾಗಿ ಲೋಕವೆಲ್ಲ ಕೊಂಡಾಡುವ ಕಥೆ. ಅದನ್ನು ಡಾಯ್ಲರು ಕೈಬಿಟ್ಟರು! ಕುದುರೆ ಪಂದ್ಯದ ನಿಯಮಗಳನ್ನು ಅರಿಯದೆ ಬರೆದೆನೆಂಬ ನಾಚಿಕೆ ಅವರನ್ನು ಬಿಟ್ಟಿರಲಿಲ್ಲ. ಕಥೆಯಲ್ಲಿ ನಡೆದಂತೆ ನಿಜವಾಗಿ ನಡೆದರೆ ಪಾತ್ರಗಳಲ್ಲಿ ಅರ್ಧ ಜನ ಸೆರೆಮನೆಯಲ್ಲೂ ಉಳಿದರ್ಧ ಪಂದ್ಯದ ಬಯಲಿನಿಂದ ಬಹಿಷ್ಕೃತರಾಗಿಯೂ ಇರಬೇಕಾಗುತ್ತಿತ್ತೆಂದು ಪಂದ್ಯದ ಪತ್ರಿಕೆಯೊಂದು ಹಿಂದೆಯೇ ಅವರನ್ನು ಹಣಿದಿತ್ತು. ಓದುಗ ನಾಯಿಯನ್ನು ನೆನೆಯುತ್ತಾನೆ. ಬರೆದವರು ತಪ್ಪನ್ನು ನೆನೆಯುತ್ತಾರೆ. ಕಡೆಗೆ ಇತಿಹಾಸದ ಸ್ಪರ್ಶವಿರುವ 'ಮಸ್‌ಗ್ರೇವ್ ವಿಧಿ' ಹನ್ನೊಂದನೆಯದಾಯಿತು. ಇನ್ನು ಉಳಿದ ಐದಾರು ಕಥೆಗಳಲ್ಲಿ ಒಂದನ್ನು ಚೀಟಿಯೆತ್ತಿಯೇ ಆರಿಸಬೇಕೆನ್ನುವಷ್ಟು ಬೇಸತ್ತು, ಹೋಮ್ಸ್ ತಾನೇ ಹೆಚ್ಚು ಜಾಣ್ಮೆ ತೋರಿಸುವ 'ರೈಗೇಟಿನ ಜಮೀನ್ದಾರರು' ಕಥೆಗೆ ಹನ್ನೆರಡನೆಯ ಸ್ಥಾನ ಕೊಟ್ಟು ಕೈತೊಳೆದುಕೊಂಡರು. ತಾಯಿ ಎಳೆ ಕೊಟ್ಟ ಕಥೆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಸ್ಪರ್ಧೆಯಲ್ಲಿ ಗೆದ್ದವರ ಪಟ್ಟಿ ಹನ್ನೆರಡರಲ್ಲಿ ಹತ್ತು ಕಥೆಗಳ ಮಟ್ಟಿಗೆ ಕರ್ತೃವಿನ ಪಟ್ಟಿಯೊಡನೆ ಹೊಂದಿತ್ತು. ಇದನ್ನು ಓದಿದಾಗ ನನಗೆ ಸೋಜಿಗವಾಯಿತು. ಹೋಮ್ಸನ ಬಗೆಗೆ ಇಷ್ಟು ಬೇಸರಪಟ್ಟವರು, ಅವನಲ್ಲಿ ಓದುಗರು ಮೆಚ್ಚುವುದೇನೆಂಬುದನ್ನು ಇಷ್ಟು ಸರಿಯಾಗಿ ಬಲ್ಲವರಾಗಿದ್ದರು. ಬಹುಶಃ ಬೇಸರವೇ ಅದಕ್ಕೆ ನೆರವಾಯಿತೋ ಏನೋ. ಮಮತೆ ಕಣ್ಣಿಗೆ ಅಡ್ಡ ಬರಲಿಲ್ಲ. ಕಾರಣಗಳನ್ನು ಇನ್ನೊಮ್ಮೆ ನೋಡಿ: ವಸ್ತು ಹೊಸದು, ಸನ್ನಿವೇಶ ನಾಟಕೀಯ, ಸಮಸ್ಯೆ ಕಠಿನ, ಪಂದ್ಯದ ವಿವರ ತಪ್ಪು. ಎಲ್ಲವೂ ಕಮ್ಮಾರಸಾಲೆಯ ಮಾತು. ಇದನ್ನು ಬರೆಯುವಾಗ ನನ್ನ ಎದೆ ತುಂಬಿತ್ತು ಎಂಬಂಥ ಮಾತು ಒಂದಕ್ಕೂ ಇಲ್ಲ.

ಹಾಗಾದರೆ ಅವರ ಎದೆ ತುಂಬಿದ್ದು ಯಾವುದಕ್ಕೆ? ಅದಕ್ಕೆ ಉತ್ತರ ಆತ್ಮಕಥೆಯಲ್ಲಿದೆ. 'ದಿ ವೈಟ್ ಕಂಪನಿ' ಎಂಬುದು ಹದಿನಾಲ್ಕನೆಯ ಶತಮಾನದ ಬಿಲ್ಲಾಳುಗಳನ್ನೂ ವೀರಯೋಧರನ್ನೂ ಕುರಿತ ಚಾರಿತ್ರಿಕ ಕಾದಂಬರಿ. 1891ರಲ್ಲಿ, ಹೋಮ್ಸನ ಸಣ್ಣ ಕಥೆಗಳು ಹೊರಬಂದ ವರ್ಷವೇ, ಪ್ರಕಟವಾಯಿತು. ಅದಕ್ಕಾಗಿ ರಾಶಿ ರಾಶಿ ಗ್ರಂಥಗಳನ್ನು ಓದಿದ್ದರು. ಕೊನೆಯ ವಾಕ್ಯ ಬರೆದು ಮುಗಿಸಿದ ಕ್ಷಣ ಉಕ್ಕಿ ಬಂದ ಸಂತೋಷದಲ್ಲಿ ಕೂಗಿಕೊಂಡು, ಮಸಿ ತುಂಬಿದ ಲೇಖನಿಯನ್ನು ಕೋಣೆಯಾಚೆಗೆ ಎಸೆದರಂತೆ. ಗೋಡೆಯ ಕಾಗದದ ಮೇಲೆ ಕಪ್ಪು ಕಲೆಯಾಯಿತು. ಇದನ್ನೂ, 1906ರಲ್ಲಿ ಇದಕ್ಕೆ ಜೊತೆಯಾಗಿ ಬಂದ 'ಸರ್ ನೈಜೆಲ್' ಕಾದಂಬರಿಯನ್ನೂ ಅವರು ತಮ್ಮ ಸರ್ವೋತ್ತಮ ಕೃತಿಗಳೆಂದು ಕೊನೆಯವರೆಗೂ ನಂಬಿದ್ದರು. ಹೋಮ್ಸನನ್ನು ಮುಟ್ಟದೆ ಇದ್ದಿದ್ದರೆ ಸಾಹಿತ್ಯದಲ್ಲಿ ತಮ್ಮ ಸ್ಥಾನ ಇನ್ನೂ ಹಿರಿದಾಗಿರುತ್ತಿತ್ತೆಂದೂ ಬರೆದುಕೊಂಡರು. 'ಸ್ಟ್ರಾಂಡ್' ಕೇಳಿದ್ದು ಹೋಮ್ಸನ ಕಥೆಗಳನ್ನು ಮಾತ್ರ. ಲೇಖನಿ ಎಸೆದ ಪುಸ್ತಕಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಪರರ ಕೂಸುಗಳು

ಹೋಮ್ಸನ ವಿಷಯದಲ್ಲಿ ಡಾಯ್ಲರಿಗೆ ಒಡೆತನದ ಹಟ ಅಷ್ಟಾಗಿ ಇರಲಿಲ್ಲ. ಅಮೆರಿಕದ ನಟ ವಿಲಿಯಂ ಜಿಲೆಟ್ ಹೋಮ್ಸನ ನಾಟಕ ಬರೆಯುವಾಗ, ನಾಯಕನಿಗೆ ಮದುವೆ ಮಾಡಿಸಬಹುದೆ ಎಂದು ತಂತಿಯ ಮೂಲಕ ಕೇಳಿದರು. ಮದುವೆಯನ್ನಾದರೂ ಮಾಡು, ಕೊಲೆಯನ್ನಾದರೂ ಮಾಡು, ಏನು ಬೇಕಾದರೂ ಮಾಡು ಎಂಬರ್ಥದ ಮರುತಂತಿ ಹೋಯಿತು. ಹೋಮ್ಸನನ್ನು ಅಣಕಿಸಿ, ಅನುಕರಿಸಿ ಬರೆದವರು ಆಗಲೇ ಲೆಕ್ಕವಿಲ್ಲದಷ್ಟು. ಅವರಲ್ಲಿ ಒಬ್ಬರು, ಮುಂದೆ 'ಪೀಟರ್ ಪ್ಯಾನ್' ಬರೆದು ಖ್ಯಾತರಾದ ಜೆ. ಎಂ. ಬ್ಯಾರಿ. 1893ರಲ್ಲಿ ಈ ಗೆಳೆಯರಿಬ್ಬರೂ ಕೂಡಿ ಒಂದು ವಿನೋದ ಗೀತನಾಟಕ ಬರೆದರು. ಅದು ಲಂಡನ್ನಿನ ಸೆವಾಯ್ ರಂಗಮಂದಿರದಲ್ಲಿ ನೆಲಕಚ್ಚಿತು. ಬ್ಯಾರಿಯವರು ತಮ್ಮ ಪುಸ್ತಕವೊಂದರ ಖಾಲಿ ಹಾಳೆಗಳ ಮೇಲೆ ಹೋಮ್ಸನ ಒಂದು ಅಣಕುಕಥೆ ಬರೆದು ಗೆಳೆಯನಿಗೆ ಕಳುಹಿಸಿದರು. ನಾಟಕಕ್ಕೆ ಜನ ಬಾರದಿರಲು ಕಾರಣವೇನೆಂದು ಇಬ್ಬರು ನಾಟಕಕಾರರು ಹೋಮ್ಸನನ್ನು ಕೇಳಲು ಬರುತ್ತಾರೆ; ಜನಕ್ಕೆ ಬರಲು ಮನಸ್ಸಿಲ್ಲ, ಅದೇ ಕಾರಣ ಎಂದು ಹೋಮ್ಸನ ಪತ್ತೆ! ಇಬ್ಬರಲ್ಲಿ ದಪ್ಪನೆಯವನೇ ಹೋಮ್ಸನ ಜನಕ. ಸಿಟ್ಟಿಗೆದ್ದು ಅವನನ್ನು ಅಲ್ಲಿಯೇ ಕರಗಿಸಿಬಿಡುತ್ತಾನೆ. ಹೋಮ್ಸನ ಎಲ್ಲ ಅಣಕುಗಳಲ್ಲೂ ಇದೇ ಅತ್ಯುತ್ತಮವೆಂದು ಹೊಗಳಿ, ಡಾಯ್ಲರು ಅದನ್ನು ಇಡಿಯಾಗಿ ತಮ್ಮ ಆತ್ಮಕಥೆಯಲ್ಲಿ ಅಚ್ಚುಹಾಕಿದರು. ತಮ್ಮ ಕಥೆಗಳಿಗೆ ಕಮ್ಮಾರಸಾಲೆಯ ತಕ್ಕಡಿ. ಗೆಳೆಯನ ಕಥೆಗೆ ಮನಸ್ಸು ಬಿಚ್ಚಿದ ನಗು.

ತಾವೇ ತಮ್ಮ ಹೋಮ್ಸನ ಅಣಕು ಬರೆದದ್ದೂ ಉಂಟು. ಹೋಮ್ಸ್ 'ಸತ್ತಿದ್ದ' ಕಾಲದಲ್ಲೇ, 1896ರಲ್ಲಿ, ತಾವು ಓದಿದ ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆಗೆ ಒಂದು. ಮುಂದೆ ಮೇರಿ ರಾಣಿಯವರ ಬೊಂಬೆಮನೆಯ ಪುಟ್ಟ ಗ್ರಂಥಭಂಡಾರಕ್ಕಾಗಿ ಇನ್ನೊಂದು. ಅಂಗೈಯೊಳಗೆ ಅಡಗುವ ಆ ಪುಸ್ತಕದಲ್ಲಿ ವಾಟ್ಸನ್ ಗೆಳೆಯನಂತೆ ತಾನೂ ಪತ್ತೆ ಮಾಡಹೋಗಿ, ಹೇಳಿದ್ದನ್ನೆಲ್ಲ ತಪ್ಪು ಹೇಳುತ್ತಾನೆ.

ಈ ಸಾಲಿನಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಆರ್ಥರ್ ವ್ಹಿಟೇಕರ್ ಎಂಬುವರ ಸಂಗತಿ. ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪಿ. 1911ರಲ್ಲಿ ಹೋಮ್ಸನ ಕಥೆಯೊಂದನ್ನು ಬರೆದು, ಇಬ್ಬರ ಹೆಸರಿನಲ್ಲೂ ಪ್ರಕಟಿಸೋಣವೆಂದು ಡಾಯ್ಲರಿಗೆ ಕಳುಹಿಸಿದರು. ಡಾಯ್ಲರು ಒಪ್ಪದೆ, ಕಥೆಯ ವಸ್ತುವಿಗೆಂದು ಅಲ್ಪ ಹಣ ಕೊಟ್ಟು ಹಸ್ತಪ್ರತಿಯನ್ನು ಇರಿಸಿಕೊಂಡರು, ಬಳಸಲಿಲ್ಲ. 1930ರಲ್ಲಿ ಅವರು ತೀರಿಕೊಂಡ ಮೇಲೆ ಅದು ಅವರ ಕಾಗದಪತ್ರಗಳ ನಡುವೆ ಸಿಕ್ಕಿತು. ಹೋಮ್ಸನ ಅಜ್ಞಾತ ಕಥೆ ದೊರೆಯಿತೆಂದು ಕೋಲಾಹಲ! 1948ರಲ್ಲಿ ಅಮೆರಿಕದ 'ಕಾಸ್ಮೊಪಾಲಿಟನ್' ಪತ್ರಿಕೆ ಅದನ್ನು ಡಾಯ್ಲರ ಹೆಸರಿನಲ್ಲೇ ಪ್ರಕಟಿಸಿತು. ಆಗ ವೃದ್ಧ ವ್ಹಿಟೇಕರ್ ಮುಂದೆ ಬಂದು, ಡಾಯ್ಲರು ತಮಗೆ ಬರೆದಿದ್ದ ಹಳೆಯ ಕಾಗದವನ್ನು ತೋರಿಸಿ, ಕಥೆ ತಮ್ಮದೆಂದು ಸಿದ್ಧಪಡಿಸಬೇಕಾಯಿತು. 1949ರಲ್ಲಿ ಅವರೂ ಕಾಲವಾದರು. ಎಷ್ಟು ಜನ ಅಭಿಮಾನಿ ಕಥೆಗಾರರಿಗೆ ಈ ಭಾಗ್ಯವುಂಟು: ತಮ್ಮ ಕಥೆ ಮೂಲ ಕರ್ತೃವಿನದೇ ಎಂದು ಲೋಕ ನಂಬುವುದು! ಅದು ಭಾಗ್ಯವೋ, ಹೆತ್ತ ಕೂಸನ್ನು ಕಳೆದುಕೊಂಡಂತೆಯೋ, ವ್ಹಿಟೇಕರರನ್ನೇ ಕೇಳಬೇಕಿತ್ತು.

ಇವನ್ನೆಲ್ಲ ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಆಕೆ ಗಮನವಿಟ್ಟು ಕೇಳಿದಳು. ನಾನೂ ಆರನೆಯ ಕಥೆಯನ್ನು ಮತ್ತೊಮ್ಮೆ ಓದಿದ್ದೆ. ಪಿಟೀಲಿನ ತಂತಿಯೊಂದು ಸಡಿಲವಾಗಿರುವುದನ್ನು ಕಂಡು ವಾಟ್ಸನ್ ಅದನ್ನು ಬ��ಗಿಸಲು ಕೈಯೆತ್ತಿ, ಹಾಗೆಯೇ ಬಿಟ್ಟುಬಿಡುವ ಎರಡು ಸಾಲುಗಳನ್ನು ಮೊದಲ ಓದಿನಲ್ಲಿ ನಾನು ದಾಟಿಬಿಟ್ಟಿದ್ದೆ. ಆಕೆಯ ಅಜ್ಜ ತೀರಿಕೊಂಡ ತಿಂಗಳಲ್ಲಿ ಅದನ್ನು ಬರೆದಳೆಂಬುದು ಆಮೇಲೆ ತಿಳಿಯಿತು. ಮೂರನೆಯ ಕಥೆಯೇ ಉತ್ತಮವೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆಕೆಯ ಅಭಿಪ್ರಾಯವೂ ಬದಲಾಗಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಆ ಲೇಖನಿ ಎಸೆದ ಪುಸ್ತಕವನ್ನು ನೀವು ಓದಿದ್ದೀರಾ, ಸಾರ್?"

ಓದಿರಲಿಲ್ಲ. ಅಧ್ಯಾಪಕನಿಗೆ ಹೀಗೆ ಒಪ್ಪಿಕೊಳ್ಳುವುದು ಕಷ್ಟ, ಒಪ್ಪಿಕೊಂಡೆ. ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿಸಿದೆ. ಹೋಮ್ಸನ ಸಂಪುಟಗಳು ಕೈಬಿಟ್ಟರೆ ಹಾಳೆ ಉದುರುವಷ್ಟು ಸವೆದು, ಎರಡು ಸಲ ರಟ್ಟು ಹಾಕಿಸಿಕೊಂಡು ಮೇಲಿನ ಸಾಲಿನಲ್ಲಿದ್ದವು. 'ದಿ ವೈಟ್ ಕಂಪನಿ' ಕೆಳಗಿನ ಸಾಲಿನಲ್ಲಿತ್ತು. ರಟ್ಟು ಗಟ್ಟಿಯಾಗಿಯೇ ಇತ್ತು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಮುದ್ರೆ 1988ರದು. ಗುಮಾಸ್ತರು ಅದರ ಕೆಳಗೆ ಹೊಸ ತಾರೀಖು ಒತ್ತಿ ಕೊಟ್ಟರು. ಏಳನೆಯ ಅಧ್ಯಾಯದವರೆಗೆ ಬಂದಿದ್ದೇನೆ. ನನ್ನ ಗಡುವು ಮುಗಿದ ಕೂಡಲೇ ತನಗೆ ಕೊಡಬೇಕೆಂದು ಆ ಹುಡುಗಿ ಈಗಾಗಲೇ ಗುಮಾಸ್ತರಲ್ಲಿ ಹೆಸರು ಬರೆಸಿದ್ದಾಳೆ.